ಅಮ್ಮನ ಕಥೆ ಮಗಳೇ ಬರೆದಾಗ: ಮಾರ್ಲೀನ್ ಡೀಟ್ರಿಚ್

ತೆರೆ ಮೇಲೆ ಮೆರೆದ ತಾರೆ ಮನೆಯಲ್ಲಿ ಹೇಗಿರ್ತಾರೆ? ಮಗಳಿಗಿಂತ ಚೆನ್ನಾಗಿ ಹೇಳೋರು ಯಾರು!

1901ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಮಾರ್ಲೀನ್ ಡೀಟ್ರಿಚ್, 1930ರ ‘ದಿ ಬ್ಲೂ ಏಂಜೆಲ್’ ಚಿತ್ರದಿಂದ ಹೆಸರಾಗಿ ಹಾಲಿವುಡ್ ಸೇರಿದರು. ನಾಜಿಗಳು ಕರೆದರೂ ಜರ್ಮನಿಗೆ ಮರಳಲಿಲ್ಲ. 1939ರಲ್ಲಿ ಅಮೆರಿಕದ ಪ್ರಜೆಯಾಗಿ, ಯುದ್ಧಕಾಲದಲ್ಲಿ ಅಲ್ಲಿನ ಸೈನಿಕರಿಗಾಗಿ ಹಾಡಿದರು.

ಆಕೆಯ ಜೀವನಚರಿತ್ರೆ ಬರೆದವರು ಒಬ್ಬಳೇ ಮಗಳು ಮರಿಯಾ ರಿವಾ. ಅಮ್ಮನ ದಿನಚರಿ, ಕಾಗದಪತ್ರಗಳನ್ನೂ ಬಳಸಿಕೊಂಡರು. ಪುಸ್ತಕ ಹೊರಬಂದದ್ದು 1992ರಲ್ಲಿ, ಅದೇ ವರ್ಷ ಮೇ 6ರಂದು ಡೀಟ್ರಿಚ್ ಪ್ಯಾರಿಸ್‌ನಲ್ಲಿ ತೀರಿಕೊಂಡ ಮೇಲೆ. ಅದರಲ್ಲಿ ತಾರೆಯ ದುಡಿಮೆ, ಶಿಸ್ತಿನ ಜೊತೆಗೆ ಕುಡಿತ, ಸ್ವಾರ್ಥ, ಮಗಳ ಒಂಟಿತನವೂ ಇದೆ.

ಹೆತ್ತವಳ ಹುಳುಕು ಬಯಲಿಗೆ ತರೋದು ಸರೀನಾ ಅಂತ ಕೇಳಬಹುದು. ಆದರೆ ಬರೀ ಹೊಗಳಿದರೆ ಅದು ಫೋಟೋಗೆ ಹಾಕಿದ ಹಾರ ಆಗುತ್ತೆ, ಜೀವನಚರಿತ್ರೆ ಆಗಲ್ಲ.