ಇಂಗ್ಲಿಷ್ ವಾಕ್ಯ ತಿದ್ದುವ ಪ್ರಶ್ನೆಗಳು ಮತ್ತು ಕನ್ನಡದ ವಾಕ್ಯರಚನೆ

ಪ್ರವೇಶ ಪರೀಕ್ಷೆಗೆ ತಯಾರಾಗುವ ಕನ್ನಡದ ವಿದ್ಯಾರ್ಥಿಗೆ ಇಂಗ್ಲಿಷ್ ವಾಕ್ಯ ತಿದ್ದುವ ಪ್ರಶ್ನೆಗಳ ಬಗ್ಗೆ ಸಾಮಾನ್ಯವಾಗಿ ಎರಡು ಸಲಹೆ ಸಿಗುತ್ತವೆ. ಕನ್ನಡದಲ್ಲಿ ಯೋಚಿಸಬೇಡ ಎಂಬುದು ಒಂದು. ವಾಕ್ಯವನ್ನು ಮನಸ್ಸಿನಲ್ಲೇ ಓದಿಕೊಂಡು, ಕಿವಿಗೆ ಸರಿಯೆನಿಸಿದ ಆಯ್ಕೆಗೆ ಗುರುತು ಹಾಕು ಎಂಬುದು ಇನ್ನೊಂದು. ಮನೆಯಲ್ಲಿ, ಬೀದಿಯಲ್ಲಿ, ಏಳನೇ ತರಗತಿಯವರೆಗಿನ ಶಾಲೆಯಲ್ಲಿ ಕನ್ನಡವನ್ನೇ ಕೇಳಿ ಬೆಳೆದವರ ಕಿವಿ ಕನ್ನಡದ ವಾಕ್ಯಗಳಿಗೆ ಪಳಗಿರುತ್ತದೆ. ಆ ಕಿವಿಯನ್ನೇ ನಂಬು ಎನ್ನುವುದು, ಕನ್ನಡವನ್ನು ಮುಂಬಾಗಿಲಿನಿಂದ ಹೊರಗೆ ಕಳಿಸಿ ಹಿತ್ತಲ ಬಾಗಿಲಿನಿಂದ ಒಳಗೆ ಬಿಟ್ಟುಕೊಂಡ ಹಾಗೆ. ಈ ಪ್ರಶ್ನೆಗಳಲ್ಲಿ ಕನ್ನಡದ ವ್ಯಾಕರಣ ಕೆಲವು ಕಡೆ ನೇರವಾಗಿ ನೆರವಾಗುತ್ತದೆ, ಕೆಲವು ಕಡೆ ತಪ್ಪನ್ನು ಕಣ್ಣಿಗೆ ಬೀಳದಂತೆ ಮುಚ್ಚುತ್ತದೆ. ಎಲ್ಲಿ ನೆರವು, ಎಲ್ಲಿ ಮರೆ ಎಂಬುದನ್ನು ರಚನೆಯ ಆಧಾರದ ಮೇಲೆ ಮುಂಚೆಯೇ ಹೇಳಬಹುದು ಎಂಬುದು ಈ ಲೇಖನದ ವಾದ.

ತಪ್ಪು ವಾಕ್ಯ ಕೊಟ್ಟು ತಿದ್ದಿಸುವ ಪದ್ಧತಿ ಹಳೆಯದು. 1762ರಲ್ಲಿ ಪ್ರಕಟವಾದ ರಾಬರ್ಟ್ ಲೌತ್‌ನ ಇಂಗ್ಲಿಷ್ ವ್ಯಾಕರಣದಲ್ಲಿ ಶೇಕ್ಸ್‌ಪಿಯರ್, ಮಿಲ್ಟನ್ ಅವರಂಥವರ ಸಾಲುಗಳಲ್ಲೂ ದೋಷ ಎತ್ತಿ ತೋರಿಸಲಾಗಿದೆ. ಲಿಂಡ್ಲಿ ಮರ್ರಿ 1795ರ ತನ್ನ ವ್ಯಾಕರಣದ ಬೆನ್ನಿಗೇ 1797ರಲ್ಲಿ ಅಭ್ಯಾಸದ ಪುಸ್ತಕವೊಂದನ್ನು ತಂದ. ದೋಷವುಳ್ಳ ವಾಕ್ಯಗಳನ್ನು ವಿದ್ಯಾರ್ಥಿಯೇ ಸರಿಪಡಿಸಬೇಕು ಎಂಬುದು ಅದರ ಕ್ರಮ. ನಮ್ಮಲ್ಲಿ ತಲೆಮಾರುಗಳು ಓದಿದ ರೆನ್ ಮತ್ತು ಮಾರ್ಟಿನ್ ಪುಸ್ತಕವೂ ಇದೇ ಪರಂಪರೆಯದು. ಬಹು ಆಯ್ಕೆಯ ಪರೀಕ್ಷೆಗಳು ಈ ಅಭ್ಯಾಸಕ್ಕೆ ಹೊಸ ರೂಪ ಕೊಟ್ಟವು. ಮ್ಯಾನೇಜ್‌ಮೆಂಟ್ ಶಾಲೆಗಳ ಪ್ರವೇಶಕ್ಕಿರುವ ಜಿಮ್ಯಾಟ್‌ನಲ್ಲಿ ವಾಕ್ಯದ ಒಂದು ಭಾಗಕ್ಕೆ ಅಡಿಗೆರೆ ಎಳೆದು ಐದು ಆಯ್ಕೆ ಕೊಡುತ್ತಿದ್ದರು. ಮೊದಲನೆಯದು ಮೂಲದ ಯಥಾಪ್ರತಿ. ಹಾಗಾಗಿ ವಾಕ್ಯದಲ್ಲಿ ತಪ್ಪೇ ಇಲ್ಲದಿರುವ ಸಾಧ್ಯತೆಯನ್ನೂ ತೂಗಿ ನೋಡಬೇಕಾಗುತ್ತಿತ್ತು.

2023ರ ನವೆಂಬರಿನಲ್ಲಿ ಬಂದ ಹೊಸ ಜಿಮ್ಯಾಟ್ ಈ ಬಗೆಯ ಪ್ರಶ್ನೆಯನ್ನು ಕೈಬಿಟ್ಟಿತು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯೂ ಸೇರಿದಂತೆ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶಕ್ಕಿರುವ ಕ್ಲ್ಯಾಟ್ 2020ರಿಂದ ಗದ್ಯಭಾಗ ಓದಿ ಉತ್ತರಿಸುವ ಮಾದರಿಗೆ ತಿರುಗಿತು. ಆದರೂ ವಿಷಯ ಹಳತಾಗಿಲ್ಲ. ಅಮೆರಿಕದ ಕಾಲೇಜುಗಳ ಪ್ರವೇಶಕ್ಕಿರುವ, ಈಗ ಕಂಪ್ಯೂಟರಿನಲ್ಲಿ ನಡೆಯುವ ಸ್ಯಾಟ್‌ನ ಓದು-ಬರಹ ವಿಭಾಗದ 54 ಪ್ರಶ್ನೆಗಳಲ್ಲಿ ಸುಮಾರು ಕಾಲುಭಾಗ ವಾಕ್ಯರಚನೆ ಮತ್ತು ಲೇಖನ ಚಿಹ್ನೆಗಳದ್ದು. ಸೇನಾ ಅಕಾಡೆಮಿಗಳಿಗೆ ಆಯ್ಕೆ ಮಾಡುವ ಸಿಡಿಎಸ್ ಪರೀಕ್ಷೆಯಲ್ಲಿ ವಾಕ್ಯದೊಳಗಿನ ದೋಷ ಗುರುತಿಸುವ ಪ್ರಶ್ನೆಗಳು ಬರುತ್ತವೆ. ಎಲ್ಲ ಕಡೆಯೂ ಕೇಳುವ ಅಂಶಗಳು ಹೆಚ್ಚುಕಡಿಮೆ ಅವೇ: ಕರ್ತೃ ಮತ್ತು ಕ್ರಿಯಾಪದದ ಹೊಂದಾಣಿಕೆ, ವಿಶೇಷಣದ ಸ್ಥಾನ, ಹೋಲಿಕೆಯ ಸಮತೆ, ಕಾಲ.

ಮೊದಲು ಹೊಂದಾಣಿಕೆಯನ್ನು ನೋಡೋಣ. ಇಂಗ್ಲಿಷ್ ಉದಾಹರಣೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ‘ದಿ ಬ್ಯಾಸ್ಕೆಟ್ ಆಫ್ ಮ್ಯಾಂಗೋಸ್ ಫ್ರಮ್ ದಿ ಶ್ರೀನಿವಾಸಪುರ ಗಾರ್ಡನ್ಸ್ ಆರ್ ಆನ್ ದಿ ಟೇಬಲ್.’ ಇಲ್ಲಿ ‘ಆರ್’ ತಪ್ಪು, ‘ಈಸ್’ ಆಗಬೇಕು. ಕಿವಿ ಇದನ್ನು ಸುಲಭವಾಗಿ ಬಿಟ್ಟುಬಿಡುತ್ತದೆ, ಯಾಕೆಂದರೆ ಕರ್ತೃವಿಗೂ ಕ್ರಿಯಾಪದಕ್ಕೂ ನಡುವೆ ಎರಡು ಬಹುವಚನಗಳು ಬಂದು ಕೂತಿವೆ. ಇಂಗ್ಲಿಷಿನಲ್ಲಿ ಮುಖ್ಯ ನಾಮಪದ ಮೊದಲು ಬರುತ್ತದೆ, ಅದನ್ನು ವಿವರಿಸುವ ಮಾತೆಲ್ಲ ಹಿಂದಿನಿಂದ ಸಾಲುಗಟ್ಟುತ್ತದೆ. ಕನ್ನಡದಲ್ಲಿ ಕ್ರಮ ತಿರುಗುಮುರುಗು: ‘ಶ್ರೀನಿವಾಸಪುರದ ತೋಟಗಳಿಂದ ಬಂದ ಮಾವಿನಹಣ್ಣುಗಳ ಬುಟ್ಟಿ ಮೇಜಿನ ಮೇಲಿದೆ.’ ವಿವರಣೆ ಎಷ್ಟೇ ಉದ್ದವಾದರೂ ಮುಖ್ಯ ನಾಮಪದ ಅದರ ಕೊನೆಗೇ ಬರಬೇಕು. ಹೀಗಾಗಿ, ನಾಮಪದಗಳ ಸಾಲಿನಲ್ಲಿ ಕೊನೆಯದೇ ಯಜಮಾನ ಎಂಬುದು ಕನ್ನಡಿಗನಿಗೆ ರೂಢಿಯಾಗಿಬಿಟ್ಟಿರುತ್ತದೆ. ಆ ರೂಢಿಯನ್ನು ಇಂಗ್ಲಿಷ್ ವಾಕ್ಯಕ್ಕೆ ಹಚ್ಚಿದಾಗ ‘ಗಾರ್ಡನ್ಸ್’ ಕರ್ತೃವಿನಂತೆ ಕಾಣುತ್ತದೆ.

ಆದರೆ ಇದೇ ರೂಢಿಯಲ್ಲಿ ಪರಿಹಾರವೂ ಇದೆ. ಇಂಗ್ಲಿಷ್ ವಾಕ್ಯವನ್ನು ಕನ್ನಡಕ್ಕೆ ತಿರುಗಿಸಿಕೊಂಡರೆ ನಿಜವಾದ ಕರ್ತೃ ತಾನಾಗಿಯೇ ಕೊನೆಗೆ ಬಂದು ನಿಲ್ಲುತ್ತದೆ. ಮೇಲಿನ ವಾಕ್ಯವನ್ನು ಕನ್ನಡದಲ್ಲಿ ಹೇಳುವ ಯಾರೂ ಬುಟ್ಟಿಯನ್ನು ಬಿಟ್ಟು ತೋಟಗಳನ್ನು ಮೇಜಿನ ಮೇಲಿಡುವುದಿಲ್ಲ. ಇನ್ನೊಂದು ಸಂಗತಿ ಇದಕ್ಕಿಂತ ಸ್ಪಷ್ಟ. ‘ಅಲಾಂಗ್ ವಿತ್’ ಬಂದಾಗ ಕ್ರಿಯಾಪದ ಏಕವಚನವೋ ಬಹುವಚನವೋ ಎಂದು ಬಹಳ ಜನ ತಡವರಿಸುತ್ತಾರೆ. ‘ಮಕ್ಕಳ ಜೊತೆ ಅಮ್ಮ ಬಂದಳು’ ಎನ್ನುತ್ತೇವೆ, ‘ಮಕ್ಕಳೂ ಅಮ್ಮನೂ ಬಂದರು’ ಎನ್ನುತ್ತೇವೆ. ‘ಜೊತೆ’ ಎಂದು ಬಂದವರು ಲೆಕ್ಕಕ್ಕೆ ಸೇರುವುದಿಲ್ಲ, ‘ಊ’ ಹಚ್ಚಿಕೊಂಡು ಬಂದವರು ಸೇರುತ್ತಾರೆ. ಇಂಗ್ಲಿಷಿನ ನಿಯಮವೂ ಇದೇ. ಹೊಸದಾಗಿ ಬಾಯಿಪಾಠ ಮಾಡುವುದಕ್ಕೆ ಇಲ್ಲಿ ಏನೂ ಇಲ್ಲ. ಕನ್ನಡದಲ್ಲಿ ಯೋಚಿಸಬೇಡ ಎಂಬ ಸಲಹೆ ವಿದ್ಯಾರ್ಥಿಯ ಕೈಯಲ್ಲಿರುವ ಈ ಸಾಧನವನ್ನೇ ಕಿತ್ತುಕೊಳ್ಳುತ್ತದೆ.

ಕರ್ತೃ ಸಿಕ್ಕಿದ ಮೇಲೆ ಅದರ ವಚನವನ್ನು ಮಾತ್ರ ಕನ್ನಡದಿಂದ ತೀರ್ಮಾನಿಸಬಾರದು. ‘ಅಂಗಡಿಯಲ್ಲಿ ಹತ್ತು ಪುಸ್ತಕ ಇದೆ’ ಎಂದರೆ ನಮ್ಮ ಆಡುಮಾತಿಗೆ ಕೊರತೆಯಿಲ್ಲ, ನಪುಂಸಕ ಲಿಂಗದಲ್ಲಿ ಬಹುವಚನ ಪ್ರತ್ಯಯ ಬೇಕೇಬೇಕೆಂದಿಲ್ಲ. ‘ಪ್ರತಿಯೊಬ್ಬರೂ ಬಂದಿದ್ದಾರೆ’ ಎಂದು ಗೌರವದ ಬಹುವಚನ ಬಳಸುತ್ತೇವೆ, ಇಂಗ್ಲಿಷಿನ ‘ಎವ್ರಿಒನ್’ ಏಕವಚನದ ‘ಹ್ಯಾಸ್’ ಅನ್ನೇ ಕೇಳುತ್ತದೆ.

ಕನ್ನಡ ನಿಜವಾಗಿಯೂ ಮರೆಮಾಡುವ ಜಾಗ ವಿಶೇಷಣದ ಸ್ಥಾನಕ್ಕೆ ಸಂಬಂಧಿಸಿದ್ದು. ವ್ಯಾಕರಣ ಪುಸ್ತಕಗಳು ಇದನ್ನು ಡ್ಯಾಂಗ್ಲಿಂಗ್ ಮಾಡಿಫೈಯರ್ ಎನ್ನುತ್ತವೆ. ‘ಗೆಟಿಂಗ್ ಆಫ್ ದಿ ಬಸ್, ದಿ ಶಾಪ್ ವಾಸ್ ಕ್ಲೋಸ್ಡ್.’ ಪರೀಕ್ಷೆಯ ಕಣ್ಣಿನಲ್ಲಿ ಇದು ದೊಡ್ಡ ತಪ್ಪು, ಏಕೆಂದರೆ ಈ ವಾಕ್ಯದ ಪ್ರಕಾರ ಬಸ್ ಇಳಿದದ್ದು ಅಂಗಡಿ. ಕನ್ನಡದಲ್ಲಿ ಹೇಳಿ ನೋಡಿ: ‘ಬಸ್ ಇಳಿದು ನೋಡಿದರೆ ಅಂಗಡಿ ಮುಚ್ಚಿತ್ತು.’ ಎಲ್ಲೂ ಎಡವುವುದಿಲ್ಲ. ಇಳಿದವರು ಯಾರು ಎಂಬುದು ವಾಕ್ಯದಲ್ಲೇ ಇಲ್ಲ, ಸಂದರ್ಭದಿಂದ ತಿಳಿಯುತ್ತದೆ.

ಹಾಗಾದರೆ ಕನ್ನಡಕ್ಕೆ ಈ ವಿಷಯದಲ್ಲಿ ನಿಯಮವೇ ಇಲ್ಲವೇ? ಇದೆ. ಸಂಸ್ಕೃತದ ಕ್ತ್ವಾ ಪ್ರತ್ಯಯಕ್ಕೆ ಎರಡೂ ಕ್ರಿಯೆಗಳ ಕರ್ತೃ ಒಬ್ಬನೇ ಆಗಿರಬೇಕೆಂದು ಪಾಣಿನಿ ಅಷ್ಟಾಧ್ಯಾಯಿಯಲ್ಲಿ ವಿಧಿಸಿದ್ದಾನೆ. ನಾವು ಶಾಲೆಯಲ್ಲಿ ಭೂತನ್ಯೂನ ಎಂದು ಕಲಿತ ‘ಬಂದು’, ‘ಇಳಿದು’, ‘ಮಾಡಿ’ ರೂಪಗಳೂ ಬಹುಮಟ್ಟಿಗೆ ಹೀಗೇ ನಡೆದುಕೊಳ್ಳುತ್ತವೆ. ‘ರಾಜು ಮನೆಗೆ ಬಂದು ಸೀತೆ ಊಟ ಮಾಡಿದಳು’ ಎಂದರೆ ಯಾವ ಕನ್ನಡಿಗನೂ ಒಪ್ಪುವುದಿಲ್ಲ, ‘ಬಂದ ಮೇಲೆ’ ಎಂದು ತಿದ್ದುತ್ತಾನೆ. ಆದರೆ ಮೊದಲ ಘಟನೆ ಎರಡನೆಯದಕ್ಕೆ ಕಾರಣವಾದಾಗ ಕನ್ನಡ ಹಿಡಿತ ಸಡಿಲಿಸುತ್ತದೆ: ‘ಮಳೆ ಬಂದು ಕೆರೆ ತುಂಬಿತು.’ ಬಂದದ್ದು ಮಳೆ, ತುಂಬಿದ್ದು ಕೆರೆ, ವಾಕ್ಯ ಮಾತ್ರ ನಿರ್ದುಷ್ಟ. ‘ನೋಡಿದರೆ’ ಎಂಬಂಥ ರೂಪ ನಡುವೆ ಬಂದರಂತೂ ಕರ್ತೃ ಬದಲಾಗುವುದಕ್ಕೆ ಅಡ್ಡಿಯೇ ಇಲ್ಲ. ಇಂಗ್ಲಿಷ್ ಪರೀಕ್ಷೆಯ ನಿಯಮ ಇಂಥ ರಿಯಾಯಿತಿ ಕೊಡುವುದಿಲ್ಲ. ‘ಹ್ಯಾವಿಂಗ್ ರೇನ್ಡ್ ಆಲ್ ನೈಟ್, ದಿ ಟ್ಯಾಂಕ್ ಓವರ್‌ಫ್ಲೋಡ್’ ಎಂಬ ಆಯ್ಕೆ ಕನ್ನಡದ ಕಿವಿಗೆ ಹಿತವಾಗಿ ಕೇಳಿಸಿದರೂ ತಪ್ಪು. ಇಲ್ಲಿ ಕನ್ನಡಕ್ಕೆ ತಿರುಗಿಸಿಕೊಂಡರೆ ದೋಷ ಮಾಯವಾಗುತ್ತದೆ, ಉತ್ತರವೂ ಕೈತಪ್ಪುತ್ತದೆ. ವಾಕ್ಯ ‘-ಇಂಗ್’ ರೂಪದಿಂದ ಶುರುವಾಗಿ ಅಲ್ಪವಿರಾಮ ಬಂದರೆ, ಅದರ ಮುಂದಿನ ಕರ್ತೃವೇ ಆ ಕೆಲಸ ಮಾಡಿದ್ದೇ ಎಂದು ಇಂಗ್ಲಿಷಿನಲ್ಲಿಯೇ ಕೇಳಿಕೊಳ್ಳಬೇಕು.

ಹೋಲಿಕೆಯಲ್ಲೂ ಇದೇ ಕಥೆ. ‘ಬೆಂಗಳೂರಿನ ಹವೆ ಚೆನ್ನೈಗಿಂತ ತಂಪು’ ಎನ್ನುತ್ತೇವೆ. ಹವೆಯನ್ನು ಊರಿನೊಂದಿಗೆ ಹೋಲಿಸಿದ್ದೇವೆಂದು ಯಾರಿಗೂ ಅನಿಸುವುದಿಲ್ಲ. ಇಂಗ್ಲಿಷ್ ಪರೀಕ್ಷೆಯಲ್ಲಿ ‘ದ್ಯಾನ್ ಚೆನ್ನೈ’ ಸಲ್ಲದು, ‘ದ್ಯಾನ್ ದಟ್ ಆಫ್ ಚೆನ್ನೈ’ ಬೇಕು. ‘ಚೆನ್ನೈನದಕ್ಕಿಂತ’ ಎಂಬ ರೂಪ ನಮ್ಮಲ್ಲೂ ಇದೆ, ಬಳಕೆ ಅದನ್ನು ಕಡ್ಡಾಯ ಮಾಡಿಲ್ಲ ಅಷ್ಟೆ. ಕಾಲದ ವಿಷಯಕ್ಕೆ ಒಂದೇ ಮಾತು: ‘ಹತ್ತು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ’ ಎಂಬುದು ‘ಐ ಆಮ್ ವರ್ಕಿಂಗ್ ಸಿನ್ಸ್ ಟೆನ್ ಇಯರ್ಸ್’ ಆಗಿ ಇಳಿಯುವುದನ್ನು ನಮ್ಮ ಕಚೇರಿಗಳಲ್ಲಿ ದಿನವೂ ಕೇಳಬಹುದು.

ಮಾತೃಭಾಷೆಯ ರಚನೆಯಿಂದ ಕಲಿಯುವವರ ಕಷ್ಟವನ್ನು ಊಹಿಸಬಹುದೆಂದು ಭಾಷಾವಿಜ್ಞಾನಿ ರಾಬರ್ಟ್ ಲ್ಯಾಡೊ 1957ರಲ್ಲಿ ವಾದಿಸಿದ. ಹತ್ತು ವರ್ಷದ ನಂತರ ಪಿಟ್ ಕಾರ್ಡರ್, ತಪ್ಪುಗಳು ಕಲಿಕೆಯ ದಾರಿಯನ್ನು ತೋರಿಸುವ ಸಾಕ್ಷ್ಯಗಳು ಎಂದ. ಎಲ್ಲ ತಪ್ಪೂ ಮಾತೃಭಾಷೆಯಿಂದ ಬರುವುದಿಲ್ಲ ಎಂಬ ಆಕ್ಷೇಪ ಸರಿಯಾದದ್ದೇ. ಬುಟ್ಟಿಯ ವಾಕ್ಯದಲ್ಲಿ ಇಂಗ್ಲಿಷನ್ನೇ ಆಡಿ ಬೆಳೆದವರೂ ಎಡವುತ್ತಾರೆ, ಇಲ್ಲದಿದ್ದರೆ ಆ ಪ್ರಶ್ನೆಯನ್ನು ಅವರಿಗೆ ಕೇಳುವ ಅಗತ್ಯವೇ ಇರುತ್ತಿರಲಿಲ್ಲ. ಆದರೆ ಅದೇ ತಪ್ಪಿನಿಂದ ಹೊರಬರಲು ಕನ್ನಡಿಗನಿಗಿರುವ ದಾರಿ ಅವರಿಗಿಲ್ಲ. ಎರಡು ಭಾಷೆಗಳ ರಚನೆಯನ್ನು ಹೋಲಿಸಿ ನೋಡುವ ವ್ಯತಿರೇಕ ವ್ಯಾಕರಣದ ಈ ಮುಖವನ್ನು ನಮ್ಮ ಪಠ್ಯಗಳು ಬಳಸಿಕೊಂಡಿಲ್ಲವೆಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ. ಬೆಂಗಳೂರಿನಲ್ಲಿ 1963ರಿಂದ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಿದೆ, ಮೈಸೂರಿನಲ್ಲಿ 1969ರಿಂದ ಭಾರತೀಯ ಭಾಷಾ ಸಂಸ್ಥಾನವಿದೆ. ಎರಡೂ ಕಡೆಯ ವಿದ್ವತ್ತು ಕೂಡಿ, ಕನ್ನಡ ಮಾಧ್ಯಮದವರಿಗಾಗಿ ಇಂಥದೊಂದು ಕೈಪಿಡಿ ಬರೆಯುವುದು ಅಸಾಧ್ಯವೇನಲ್ಲ.

ಕನ್ನಡದ ನೆರವು, ಮರೆ ಎರಡೂ ಒಂದೇ ವಾಕ್ಯದಲ್ಲಿ ಹೇಗೆ ಕೂಡುತ್ತವೆಂದು ನೋಡಬಹುದು. ‘ದಿ ಕ್ವಾಲಿಟಿ ಆಫ್ ದಿ ಮ್ಯಾಂಗೋಸ್ ಸೋಲ್ಡ್ ಇನ್ ದಿಸ್ ಮಾರ್ಕೆಟ್ ಆರ್ ಬೆಟರ್ ದ್ಯಾನ್ ದಿ ಅದರ್ ಮಾರ್ಕೆಟ್ಸ್.’ ಕನ್ನಡದಲ್ಲಿ: ‘ಈ ಮಾರುಕಟ್ಟೆಯಲ್ಲಿ ಮಾರುವ ಮಾವಿನಹಣ್ಣುಗಳ ಗುಣಮಟ್ಟ ಬೇರೆ ಮಾರುಕಟ್ಟೆಗಳಿಗಿಂತ ಚೆನ್ನಾಗಿದೆ.’ ‘ಗುಣಮಟ್ಟ’ ತನ್ನ ಜಾಗಕ್ಕೆ ಬಂತು, ಅದು ಏಕವಚನ, ಆದ್ದರಿಂದ ‘ಈಸ್’. ಕನ್ನಡದ ಕೆಲಸ ಅಲ್ಲಿಗೆ ಮುಗಿಯಿತು. ಉಳಿದರ್ಧದ ತಪ್ಪನ್ನು ಅದು ತೋರಿಸುವುದಿಲ್ಲ. ಗುಣಮಟ್ಟವನ್ನು ಗುಣಮಟ್ಟದೊಂದಿಗೇ ಹೋಲಿಸಿದೆಯೇ ಎಂದು ಇಂಗ್ಲಿಷ್ ಸಾಲಿಗೆ ಮರಳಿ ಪರಿಶೀಲಿಸಬೇಕು.

ಕೊನೆಗೆ, ‘ಎ’, ‘ದಿ’ ಎಂಬ ಆರ್ಟಿಕಲ್‌ಗಳ ಬಗ್ಗೆ ಕನ್ನಡ ಏನೂ ಕಲಿಸದು ಎಂಬ ಮಾತಿದೆ. ಇದು ಅರ್ಧ ಮಾತ್ರ ನಿಜ. ‘ಪುಸ್ತಕ ತಂದೆ’ ಎಂದಾಗ ಯಾವುದೋ ಪುಸ್ತಕ, ‘ಪುಸ್ತಕವನ್ನು ತಂದೆ’ ಎಂದಾಗ ಸಾಮಾನ್ಯವಾಗಿ ಇಬ್ಬರಿಗೂ ಗೊತ್ತಿರುವ ಪುಸ್ತಕ. ‘ಎ’ ಮತ್ತು ‘ದಿ’ ನಡುವಿನ ಅಂತರದ ಒಂದಂಶ ನಮ್ಮ ದ್ವಿತೀಯಾ ವಿಭಕ್ತಿಯ ಈ ಬಳಕೆಯಲ್ಲಿದೆ. ಕರ್ತೃಸ್ಥಾನದಲ್ಲಿ ಆ ನೆರವು ಇಲ್ಲ. ಅಲ್ಲಿ ಅಜ್ಜಿಯ ಕತೆಗಳ ಆರಂಭ ಸಾಕಾಗುತ್ತದೆ: ‘ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಮೂವರು ಮಕ್ಕಳು.’ ಮೊದಲ ಸಲ ಬಂದಾಗ ‘ಒಬ್ಬ’, ಪರಿಚಯವಾದ ಮೇಲೆ ‘ಆ’. ಕೇಳುವವರಿಗೆ ಈ ನಾಮಪದದ ಗುರುತು ಮೊದಲೇ ಸಿಕ್ಕಿದೆಯೇ ಎಂದು ಕೇಳಿಕೊಂಡರೆ, ಬರಿಯ ‘ಎ’ ಮತ್ತು ‘ದಿ’ ನಡುವೆ ಆರಿಸಬೇಕಾದ ಪ್ರಶ್ನೆಗಳಲ್ಲಿ ಹೆಚ್ಚಿನವು ಬಗೆಹರಿಯುತ್ತವೆ. ಎರಡೂ ಬೇಡದ ಕಡೆ, ಅಂದರೆ ‘ಆನೆಸ್ಟಿ’, ‘ವಾಟರ್’ ಅಂಥ ನಾಮಪದಗಳಲ್ಲಿ, ಈ ಪರೀಕ್ಷೆ ಸಾಲದು. ಅವನ್ನು ಬಿಡಿಬಿಡಿಯಾಗಿ ಓದಿನಿಂದಲೇ ರೂಢಿಸಿಕೊಳ್ಳಬೇಕಾಗುತ್ತದೆ.