ಹಳೆಯ ಬಂದೂಕಿನ ಬೆಲೆ ಯಾವುದರಲ್ಲಿದೆ?

ಶಾಲಾ ಪ್ರವಾಸದಲ್ಲಿ ಶ್ರೀರಂಗಪಟ್ಟಣಕ್ಕೆ ಹೋಗಿದ್ದಾಗ ಒಂಬತ್ತನೇ ತರಗತಿಯ ಹುಡುಗನೊಬ್ಬ ಕೇಳಿದ: "ಸರ್, ಆಗಿನ ಕಾಲದ ಬಂದೂಕು ಈಗ ಸಿಕ್ಕರೆ ಗುಜರಿಯವರು ಕೆ.ಜಿ.ಗೆ ಎಷ್ಟು ಕೊಡಬಹುದು?" ಎಲ್ಲರೂ ನಕ್ಕರು. ಆದರೆ ಪ್ರಶ್ನೆ ನಗುವಂಥದ್ದಲ್ಲ. ಗುಂಡು ಹಾರಿಸಲಾಗದ ಕಬ್ಬಿಣಕ್ಕೆ ಬೆಲೆ ಬರುವುದು ಹೇಗೆ ಎಂಬುದು ಇತಿಹಾಸದ ವಿದ್ಯಾರ್ಥಿಗಳು ಯೋಚಿಸಬೇಕಾದ ವಿಷಯವೇ ಆಗಿದೆ.

ಸೈನ್ಯಗಳು ಹೊಸ ಆಯುಧ ಪಡೆದಾಗ ಹಳೆಯವು ಉಗ್ರಾಣ ಸೇರುತ್ತವೆ. ನೇಪಾಳದ ಕಠ್ಮಂಡುವಿನಲ್ಲಿ ಲಗನ್ ಸಿಲೇಖಾನಾ ಎಂಬ ಹಳೆಯ ಅರಮನೆ ಇಂಥದೊಂದು ಉಗ್ರಾಣವಾಗಿತ್ತು. ಅಲ್ಲಿ ಹತ್ತೊಂಬತ್ತನೆಯ ಶತಮಾನದ ಹತ್ತಾರು ಸಾವಿರ ಬಂದೂಕುಗಳು ಧೂಳು ಹಿಡಿದು ಬಿದ್ದಿದ್ದವು. 2003ರಲ್ಲಿ ಅಮೆರಿಕದ ವ್ಯಾಪಾರಿಗಳು ಅವುಗಳನ್ನು ಒಟ್ಟಾಗಿ ಕೊಂಡು ಹಡಗಿನಲ್ಲಿ ಸಾಗಿಸಿದರು. ಬ್ರೌನ್ ಬೆಸ್, 1853ರ ಮಾದರಿಯ ಎನ್‌ಫೀಲ್ಡ್, 1871ರಲ್ಲಿ ಬ್ರಿಟಿಷ್ ಸೈನ್ಯ ಸ್ವೀಕರಿಸಿದ ಮಾರ್ಟಿನಿ-ಹೆನ್ರಿ ಎಲ್ಲವೂ ಅಲ್ಲಿದ್ದವು. ಧೂಳು ಒರೆಸಿ ಮಾರಾಟಕ್ಕಿಟ್ಟಾಗ ಒಂದೊಂದಕ್ಕೂ ಒಂದೊಂದು ಬೆಲೆ ಬಂತು. ಕಾರಣಗಳೇನು?

ಮೊದಲನೆಯದು, ಮೂಲರೂಪ. ರೈಫಲಿನ ನಳಿಕೆ, ಬೋಲ್ಟ್ ಮುಂತಾದ ಭಾಗಗಳ ಮೇಲೆ ಕ್ರಮಸಂಖ್ಯೆ ಕೊರೆದಿರುತ್ತಾರೆ. ಎಲ್ಲ ಸಂಖ್ಯೆಗಳೂ ಒಂದೇ ಆಗಿದ್ದರೆ ಅದು ಕಾರ್ಖಾನೆಯಿಂದ ಬಂದಂತೆಯೇ ಉಳಿದಿದೆ ಎಂದರ್ಥ. ಬೇರೆಬೇರೆ ರೈಫಲುಗಳ ಭಾಗಗಳನ್ನು ಜೋಡಿಸಿದ್ದರೆ ಬೆಲೆ ಇಳಿಯುತ್ತದೆ. ಎರಡನೇ ಮಹಾಯುದ್ಧದ ನಂತರ ಎಷ್ಟೋ ಲೀ-ಎನ್‌ಫೀಲ್ಡ್ ರೈಫಲುಗಳ ಮರದ ಭಾಗವನ್ನು ಬೇಟೆಗೆ ಹಗುರವಾಗಲೆಂದು ಕತ್ತರಿಸಿದರು. ಅಂದು ಅದು ಸುಧಾರಣೆ ಎನಿಸಿತ್ತು. ಇಂದು ಸಂಗ್ರಹಕಾರರು ಅಂಥವನ್ನು ಅಷ್ಟಾಗಿ ಕೇಳುವುದಿಲ್ಲ. ಉಪ್ಪುಕಾಗದ ಹಾಕಿ ತಿಕ್ಕಿ ಹೊಳೆಯುವಂತೆ ಮಾಡಿದರೂ ನಷ್ಟವೇ. ತುಕ್ಕಿನ ಜೊತೆಗೆ ಮುದ್ರೆಗಳೂ ಅಳಿಸಿಹೋಗುತ್ತವೆ.

ಎರಡನೆಯದು, ಲಭ್ಯತೆ. ರಷ್ಯಾದ 1891ರ ಮೋಸಿನ್-ನಾಗಾಂಟ್ ರೈಫಲುಗಳು ಮೂರೂವರೆ ಕೋಟಿಗೂ ಹೆಚ್ಚು ತಯಾರಾದವು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ಮೇಲೆ ಅವು ಅಮೆರಿಕದ ಅಂಗಡಿಗಳಿಗೆ ರಾಶಿರಾಶಿಯಾಗಿ ಬಂದು ನೂರು ಡಾಲರಿಗೂ ಕಡಿಮೆಗೆ ಸಿಗುತ್ತಿದ್ದವು. ಆಮದು ಬತ್ತಿದಂತೆ ಬೆಲೆ ಹಲವು ಪಟ್ಟು ಏರಿತು. ರೈಫಲ್ ಅದೇ, ಗುಣವೂ ಅದೇ.

ಮೂರನೆಯದು, ಕಾನೂನು. ಅಮೆರಿಕದ 1968ರ ಕಾಯಿದೆಯು 1898ರವರೆಗೆ ತಯಾರಾದ ಬಂದೂಕುಗಳನ್ನು ಪುರಾತನ ವಸ್ತುಗಳೆಂದು ಪರಿಗಣಿಸುತ್ತದೆ. ಹಾಗಾಗಿ ಒಂದು ವರ್ಷದ ಅಂತರವೂ ಬೆಲೆಯನ್ನು ಬದಲಿಸಬಲ್ಲದು. ನಮ್ಮ ದೇಶದಲ್ಲಿ ಬಂದೂಕು ಇಟ್ಟುಕೊಳ್ಳಲು 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಪರವಾನಗಿ ಬೇಕು. ಸೈನ್ಯದ ರೈಫಲ್ ಇಲ್ಲಿ ಅಂಗಡಿಯ ಸರಕಲ್ಲ.

ನಾಲ್ಕನೆಯದೇ ಮುಖ್ಯವಾದುದು: ಆ ವಸ್ತು ಹೇಳುವ ಕಥೆ. ಫಿನ್ಲೆಂಡಿನವರು ರಷ್ಯನ್ನರಿಂದ ವಶಪಡಿಸಿಕೊಂಡ ರೈಫಲುಗಳ ಮೇಲೆ ತಮ್ಮ ಸೈನ್ಯದ ಎರಡಕ್ಷರದ ಮುದ್ರೆ ಒತ್ತಿದರು. ಆ ಪುಟ್ಟ ಮುದ್ರೆ ಇದ್ದರೆ ಸಂಗ್ರಹಕಾರರು ಹೆಚ್ಚು ಹಣ ಕೊಡುತ್ತಾರೆ. ಟಿಪ್ಪು ಸುಲ್ತಾನರ ಕಾರ್ಖಾನೆಗಳ ಬಂದೂಕುಗಳನ್ನೇ ನೋಡಿ. ಹುಲಿಯ ಚಿತ್ರ, ಫಾರ್ಸಿ ಅಕ್ಷರಗಳು, ತಯಾರಾದ ಊರಿನ ಹೆಸರು, ಮೌಲೂದಿ ಸನ್‌ನ ವರ್ಷ ಇವೆಲ್ಲ ಇರುವುದರಿಂದಲೇ ಅವನ್ನು ಗುರುತಿಸಲು ಸಾಧ್ಯವಾಗಿದೆ. 1799ರ ಮೇ 4ರಂದು ಪಟ್ಟಣ ಬಿದ್ದ ಮೇಲೆ ಬ್ರಿಟಿಷ್ ಸೈನ್ಯಾಧಿಕಾರಿ ಡೇವಿಡ್ ಬೇರ್ಡ್‌ಗೆ ಕೊಡಲಾದ ಟಿಪ್ಪುವಿನ ಖಡ್ಗವೊಂದು 2023ರಲ್ಲಿ ಲಂಡನ್ನಿನ ಹರಾಜಿನಲ್ಲಿ ಸುಮಾರು 1.4 ಕೋಟಿ ಪೌಂಡಿಗೆ ಹೋಯಿತು. ಬರೀ ಉಕ್ಕಿಗೆ ಯಾರೂ ಅಷ್ಟು ಹಣ ಕೊಡಲಾರರು. ಅದು ಯಾರ ಕೈಯಿಂದ ಯಾರ ಕೈಗೆ ಬಂತು ಎಂಬುದರ ದಾಖಲೆಗೂ ಸೇರಿ ಕೊಟ್ಟ ಹಣ ಅದು.

ಪ್ರಿಯ ವಿದ್ಯಾರ್ಥಿಗಳೇ, ಈ ಮಾತನ್ನು ಬಂದೂಕಿಗಷ್ಟೇ ಸೀಮಿತಗೊಳಿಸಬೇಡಿ. ಆಯುಧ ಕೊಲ್ಲಲೆಂದೇ ಮಾಡಿದ ವಸ್ತು. ಅದರ ಮೇಲಿನ ಅಕ್ಷರವೊಂದೇ ನಮಗೆ ಕಲಿಸಬಲ್ಲದು. ಆ ಅಕ್ಷರವನ್ನು ಓದಲು ಬಲ್ಲವರು ಬೇಕು. ಉರ್ದು ಕಲಿತವನಿಗೆ ಫಾರ್ಸಿ ಲಿಪಿ ಅಪರಿಚಿತವಲ್ಲ. "ಉರ್ದು ಕಲಿತು ಏನು ಮಾಡುವುದು?" ಎಂದು ಕೇಳುವ ಪೋಷಕರಿಗೆ ಇದೂ ಒಂದು ಉತ್ತರ.

ನಮ್ಮ ಮನೆಗಳ ಅಟ್ಟದ ಮೇಲೆ, ಟ್ರಂಕುಗಳಲ್ಲಿ ಅಜ್ಜನ ಕಾಲದ ಇನಾಮು ಪತ್ರ, ನಿಕಾಹ್‌ನಾಮೆ, ವಕ್ಫ್ ಕಾಗದ, ಕೈಬರಹದ ಕಿತಾಬುಗಳಿವೆ. ಮನೆಗೆ ಸುಣ್ಣಬಣ್ಣ ಬಳಿಯುವಾಗ ಎಷ್ಟೋ ಬಾರಿ ಅವು ರದ್ದಿಗೆ ಹೋಗುತ್ತವೆ. 75 ವರ್ಷ ದಾಟಿದ, ಮೌಲ್ಯವುಳ್ಳ ಹಸ್ತಪ್ರತಿಯನ್ನು 1972ರ ಕಾಯಿದೆ ಪ್ರಾಚೀನ ವಸ್ತುವೆಂದು ಗುರುತಿಸುತ್ತದೆ. ನಾವೋ ಅದನ್ನು ಕೆ.ಜಿ. ಲೆಕ್ಕದಲ್ಲಿ ತೂಗುತ್ತೇವೆ. ಈ ರಜೆಯಲ್ಲಿ ನಿಮ್ಮ ದಾದಾ-ದಾದಿಯರ ಬಳಿ ಕೂತು, ಆ ಕಾಗದ ಯಾರದು, ಯಾವ ವರ್ಷದ್ದು, ಮನೆಗೆ ಹೇಗೆ ಬಂತು ಎಂದು ಕೇಳಿ ಬರೆದಿಡಿ. ಒರೆಸಬೇಡಿ, ಅಂಟಿಸಬೇಡಿ, ಮಾರಬೇಡಿ. ಓದಲಾಗದಿದ್ದರೆ ಶಾಲೆಗೆ ತನ್ನಿ, ಕೂಡಿ ಓದೋಣ.

ಆ ಹುಡುಗನ ಪ್ರಶ್ನೆಗೆ ಅಂದು ನಾನು ಪೂರ್ತಿ ಉತ್ತರ ಕೊಡಲಿಲ್ಲ. ಈಗ ಕೊಡುತ್ತಿದ್ದೇನೆ: ಗುಜರಿಯವನು ಕಬ್ಬಿಣಕ್ಕೆ ಬೆಲೆ ಕಟ್ಟುತ್ತಾನೆ ಮಗು, ಅಕ್ಷರಕ್ಕೆ ಬೆಲೆ ಕಟ್ಟಬೇಕಾದವನು ನೀನು.