ಗದ್ದೆಯ ಕಣ್ಣಿನಿಂದ ಡಿಎನ್‌ಎ ಗುರುತಿನವರೆಗೆ: ಬೆಳೆ ವೈವಿಧ್ಯದ ಹುಡುಕಾಟ

ವರದಾ ನದಿ ಉಕ್ಕಿದಾಗ ಸಾಗರ, ಸೊರಬದ ತಗ್ಗು ಗದ್ದೆಗಳು ದಿನಗಟ್ಟಲೆ ಮುಳುಗುತ್ತವೆ. ಅಂಥ ಕಡೆ ರೈತರು ನಂಬಿದ್ದು ನೆರೆಗುಳಿ ಭತ್ತವನ್ನು. ನೀರಿಳಿದ ಮೇಲೆ ಅದು ಮತ್ತೆ ಚಿಗುರಿ ನಿಲ್ಲುತ್ತದೆ. ಜೀರಿಗೆಸಣ್ಣಕ್ಕೆ ಪರಿಮಳ, ಹೆಗ್ಗೆಗೆ ಗಟ್ಟಿತನ. ಒಂದೇ ಬೆಳೆಯೊಳಗೆ ನಿಸರ್ಗ ಇಟ್ಟಿರುವ ಇಂಥ ವ್ಯತ್ಯಾಸಗಳನ್ನು ಮೊದಲು ಕಂಡುಹಿಡಿದವರು ಬೀಜಕ್ಕೆಂದು ತೆನೆ ಆರಿಸಿಟ್ಟ ರೈತರು, ರೈತ ಮಹಿಳೆಯರು. ವಿಜ್ಞಾನ ಬಂದದ್ದು ಆಮೇಲೆ.

ವಿಜ್ಞಾನದ ಮೊದಲ ಹೆಜ್ಜೆಯೂ ಆಯ್ಕೆಯೇ ಆಗಿತ್ತು. ಡೆನ್ಮಾರ್ಕಿನ ಜೊಹಾನ್ಸನ್ 1903ರಲ್ಲಿ, ಒಂದೇ ಸ್ವಪರಾಗಸ್ಪರ್ಶಿ ಗಿಡದ ಸಂತತಿಯಾದ ಶುದ್ಧ ತಳಿಯ ತತ್ವವನ್ನು ಮುಂದಿಟ್ಟರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯನ್ನು ಲೆಸ್ಲಿ ಕೋಲ್ಮನ್ ಮುನ್ನಡೆಸುತ್ತಿದ್ದ ಕಾಲದಲ್ಲಿ, ಹೆಬ್ಬಾಳದಲ್ಲಿ ಊರ ರಾಗಿಯಿಂದಲೇ ಒಳ್ಳೆಯ ಗಿಡಗಳನ್ನು ಬೇರ್ಪಡಿಸುವ ಕೆಲಸ ನಡೆದು, 1918ರಲ್ಲಿ ಎಚ್-22 ತಳಿ ಹೊರಬಂತು. ರಷ್ಯಾದ ನಿಕೊಲಾಯ್ ವವಿಲೋವ್ 1926ರಲ್ಲಿ ಬೆಳೆಗಳ ಮೂಲ ನೆಲೆಗಳ ಕುರಿತ ತಮ್ಮ ವಾದವನ್ನು ಪ್ರಕಟಿಸಿದರು; ದೇಶ ದೇಶಗಳ ಬೀಜಗಳನ್ನೂ ಕೂಡಿಸಿದರು. ವೈವಿಧ್ಯ ಒಂದು ಸಂಪತ್ತು, ಅದನ್ನು ಹುಡುಕಿ ಕಾಪಿಡಬೇಕು ಎಂಬ ತಿಳಿವಳಿಕೆ ಅಲ್ಲಿಂದ ಬಲವಾಯಿತು.

ಅಡಿಕೆಯ ಕಥೆ ಬೇರೆ. ಅಡಿಕೆ ಬೀಜದಿಂದ ಹುಟ್ಟುವ, ಪರಪರಾಗಸ್ಪರ್ಶದ ಮರ. ಆದ್ದರಿಂದ ಭದ್ರಾವತಿ, ತೀರ್ಥಹಳ್ಳಿಯ ಯಾವ ತೋಟಕ್ಕೆ ಹೋದರೂ ಎಲ್ಲ ಮರಗಳೂ ಒಂದೇ ಸಮ ಇರುವುದಿಲ್ಲ. ಬೆಳೆಗಾರರು ವರ್ಷವರ್ಷವೂ ಚೆನ್ನಾಗಿ ಫಸಲು ಕೊಡುವ ತಾಯಿಮರವನ್ನು ಗುರುತಿಟ್ಟು, ಅದರ ಹಣ್ಣಡಿಕೆಯನ್ನೇ ಸಸಿಗೆ ಬಳಸುತ್ತ ಬಂದರು. 1956ರಲ್ಲಿ ವಿಟ್ಲದಲ್ಲಿ ಅಡಿಕೆ ಸಂಶೋಧನಾ ಕೇಂದ್ರ ಆರಂಭವಾಯಿತು. ಅಲ್ಲಿ ದೇಶ ವಿದೇಶಗಳ ತಳಿಗಳನ್ನು ಒಟ್ಟಿಗೆ ಬೆಳೆಸಿ ನೋಡಲಾಯಿತು. ಚೀನಾ ಮೂಲದ ತಳಿ 1972ರಲ್ಲಿ ಮಂಗಳ ಎಂಬ ಹೆಸರಿನಲ್ಲಿ ಬಿಡುಗಡೆಯಾಯಿತು. ತುಮಕೂರು ಜಿಲ್ಲೆಯ ಹಿರೇಹಳ್ಳಿಯಲ್ಲಿ ಸಹಜವಾಗಿ ಹುಟ್ಟಿದ ಗಿಡ್ಡ ಮರವೊಂದು ಸಂಶೋಧಕರ ಕಣ್ಣಿಗೆ ಬಿತ್ತು. ಅದರ ಕಾಯಿ ಅಷ್ಟಕ್ಕಷ್ಟೆ. ಆದರೆ ಆ ಗಿಡ್ಡತನವನ್ನು ಒಳ್ಳೆಯ ಇಳುವರಿಯ ತಳಿಗಳಿಗೆ ಕೂಡಿಸಿ ಗಿಡ್ಡ ಸಂಕರ ತಳಿಗಳನ್ನು ರೂಪಿಸಿದರು. ಕೊನೆಗಾರರೇ ಸಿಗದ ಈ ಕಾಲದಲ್ಲಿ ಅದರ ಬೆಲೆ ಎಲ್ಲರಿಗೂ ಅರ್ಥವಾಗುತ್ತದೆ.

ಭತ್ತದಲ್ಲಿ ಮಾತ್ರ ನಾವು ಗಳಿಸಿದ್ದರ ಜೊತೆಗೆ ಕಳೆದುಕೊಂಡಿದ್ದೂ ಬಹಳ. ಭದ್ರಾ ನಾಲೆಯ ನೀರು ಹರಿದ ಹೊತ್ತಿಗೇ ಹಸಿರು ಕ್ರಾಂತಿ ಬಂತು. 1966ರ ಐಆರ್-8, 1968ರ ಜಯಾದಂಥ ಗಿಡ್ಡ ತಳಿಗಳು ಹೊಟ್ಟೆ ತುಂಬಿಸಿದವು, ನಿಜ. ಆದರೆ ನೂರಾರು ಊರ ತಳಿಗಳು ಗದ್ದೆ ಬಿಟ್ಟವು. ಈಚೆಗೆ ಭದ್ರಾವತಿ, ಶಿವಮೊಗ್ಗದ ಗದ್ದೆಗಳೇ ಅಡಿಕೆ ತೋಟಗಳಾಗುತ್ತಿವೆ. ಉಳಿದ ಬೀಜಗಳನ್ನು ಕಾಪಾಡಲೆಂದು 1976ರಲ್ಲಿ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಬ್ಯೂರೋ ಹುಟ್ಟಿತು. ಸಂಗ್ರಹ ಏಕೆ ಬೇಕು ಎಂಬುದಕ್ಕೆ ಒಂದು ನಿದರ್ಶನ ಸಾಕು. ಭತ್ತದ ಒಂದು ನಂಜು ರೋಗಕ್ಕೆ ಮದ್ದು ಹುಡುಕಿ ಆರು ಸಾವಿರಕ್ಕೂ ಹೆಚ್ಚು ಮಾದರಿಗಳನ್ನು ಪರೀಕ್ಷಿಸಿದಾಗ, ನಿರೋಧಕ ಗುಣ ಸಿಕ್ಕಿದ್ದು ಉತ್ತರ ಪ್ರದೇಶದ ಒಂದೇ ಒಂದು ಕಾಡು ಭತ್ತದಲ್ಲಿ.

ಈ ಶತಮಾನದಲ್ಲಿ ಹುಡುಕಾಟ ಗಿಡದ ಮೈಯಿಂದ ಡಿಎನ್‌ಎಗೆ ಇಳಿದಿದೆ. 2004ರಲ್ಲಿ ಬಂದ ಇಕೋಟಿಲ್ಲಿಂಗ್ ವಿಧಾನದಲ್ಲಿ ಎರಡು ತಳಿಗಳ ಡಿಎನ್‌ಎ ಎಳೆಗಳನ್ನು ಜೋಡಿಸುತ್ತಾರೆ. ಎಲ್ಲಿ ಹೊಂದಿಕೆಯಾಗದೋ ಅಲ್ಲಿ ಸೆಲರಿ ಗಿಡದಿಂದ ತೆಗೆದ ಕಿಣ್ವ ಕತ್ತರಿಸುತ್ತದೆ. ಒಂದಕ್ಷರದ ವ್ಯತ್ಯಾಸವೂ ಹೀಗೆ ಗೊತ್ತಾಗುತ್ತದೆ. 2005ರಲ್ಲಿ ಭತ್ತದ ಪೂರ್ಣ ಜೀನೋಮ್ ಓದಿ ಮುಗಿಯಿತು. 2018ರಲ್ಲಿ 89 ದೇಶಗಳ 3,010 ಭತ್ತದ ಮಾದರಿಗಳ ಜೀನೋಮ್ ವಿಶ್ಲೇಷಣೆ ಪ್ರಕಟವಾಯಿತು. ಒಡಿಶಾದ ರೈತರ ಎಫ್‌ಆರ್-13ಎ ಭತ್ತ ಮುಳುಗಡೆ ತಾಳುವುದಕ್ಕೆ ಕಾರಣವಾದ ಜೀನನ್ನು 2006ರಲ್ಲಿ ಗುರುತಿಸಲಾಯಿತು. ಮೂರೇ ವರ್ಷಗಳಲ್ಲಿ ಅದು ಸ್ವರ್ಣ-ಸಬ್1 ತಳಿಯಾಗಿ ಭಾರತದ ರೈತರ ಕೈ ಸೇರಿತು. ನಮ್ಮ ನೆರೆಗುಳಿಯಲ್ಲೂ ಅದೇ ಜೀನಿದೆಯೋ, ಬೇರೊಂದು ಉಪಾಯವಿದೆಯೋ ಎಂದು ಕೇಳುವ ಸಾಧನ ಈಗ ನಮ್ಮ ಕೈಲಿದೆ.

ತಳಿಗಳ ಒಳ್ಳೆಯ ಗುಣ ಹುಡುಕಿ ಬಳಸುವ ಕೆಲಸ ಶಿವಮೊಗ್ಗಕ್ಕೆ ಹೊಸದಲ್ಲ. 2012ರಲ್ಲಿ ಆರಂಭವಾಗಿ, ಈಗ ಕೆಳದಿ ಶಿವಪ್ಪ ನಾಯಕರ ಹೆಸರು ಹೊತ್ತಿರುವ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯವು ಜ್ಯೋತಿ ಭತ್ತವನ್ನು ರೋಗ ತಾಳುವ ಅಕ್ಕಲು ತಳಿಯೊಂದಿಗೆ ಸಂಕರಿಸಿ, ಬೆಂಕಿ ರೋಗ ನಿರೋಧಕವಾದ ಕೆಂಪಕ್ಕಿಯ ಸಹ್ಯಾದ್ರಿ ಮೇಘಾ ತಳಿಯನ್ನು ಕೊಟ್ಟಿದೆ. ಶರಾವತಿ, ವರದೆಯ ದಂಡೆಗಳ ಅಪ್ಪೆಮಿಡಿ ಮಾವಿಗೆ ಭೌಗೋಳಿಕ ಸೂಚಿಕೆ ದೊರೆತಿದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅದರ ಹಲವು ಬಗೆಗಳನ್ನು ಬೆಳೆಸಿ ಕಾಪಾಡುತ್ತಿದೆ.

ಹುಡುಕುವ ಸಾಧನ ಹರಿತವಾಗುತ್ತಿದ್ದಂತೆ ಹುಡುಕಬೇಕಾದ ಗದ್ದೆಯೇ ಕಿರಿದಾಗುತ್ತಿರುವುದು ನಮ್ಮ ಕಾಲದ ದೊಡ್ಡ ಆತಂಕ. ಅಳಿದ ತಳಿಯ ಜೀನನ್ನು ಯಾವ ಯಂತ್ರವೂ ಓದಲಾರದು. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಡಿ ರೈತರು ತಮ್ಮ ತಳಿಯನ್ನು ನೋಂದಾಯಿಸಬಹುದು. ಆ ಕಾಯ್ದೆಯನ್ನು ಜಾರಿಗೊಳಿಸುವ ಪ್ರಾಧಿಕಾರದ ಶಾಖಾ ಕಚೇರಿಗಳಲ್ಲಿ ಒಂದು ಶಿವಮೊಗ್ಗದಲ್ಲೇ ಇದೆ. ನಿಮ್ಮ ಮನೆಯ ಪಣತದಲ್ಲಿ ಅಜ್ಜನ ಕಾಲದ ಭತ್ತವಿದ್ದರೆ, ಹೊಳೆದಂಡೆಯಲ್ಲಿ ಹಳೆಯ ಮಿಡಿಮಾವಿದ್ದರೆ, ಅದರ ಹೆಸರು, ಗುಣ, ಬೆಳೆಯುವ ಜಾಗವನ್ನು ಬರೆದಿಟ್ಟು ನೋಂದಾಯಿಸಿ. ಈ ಮಳೆಗಾಲದಲ್ಲೇ ಒಂದು ಮಡಿಯಷ್ಟಾದರೂ ಆ ಬೀಜವನ್ನು ಬಿತ್ತಿ.